30 ಲಕ್ಷ ರೂಪಾಯಿಯೊಳಗೆ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕೂಪೆ: ಯಾವ ಕಾರು, ಯಾವ ಆಪ್ಷನ್‌ಗಳಿಗೆ ಹಣ ಕೊಡಬೇಕು?

ಆಲ್ದೂರು ತೋಟ:

ಎಲ್ಲರಿಗೂ ನಮಸ್ಕಾರ.

ನಾನು ಚಿಕ್ಕಮಗಳೂರಿನವನು. ಆಲ್ದೂರಿನ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟವಿದೆ. ತೋಟಕ್ಕೆ ಜೀಪು, ಮನೆಯವರ ಓಡಾಟಕ್ಕೆ ಒಂದು ಸಾಧಾರಣ ಕಾರು ಇರುವುದರಿಂದ, ಈಗ ಕೊಳ್ಳಬೇಕೆಂದಿರುವ ಕಾರು ಮೂಟೆ ಹೊರಬೇಕಾಗಿಲ್ಲ, ಮಕ್ಕಳನ್ನು ಶಾಲೆಗೆ ಬಿಡಬೇಕಾಗಿಯೂ ಇಲ್ಲ. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್‌ನ ಭಾರತದ ಸುತ್ತು ನಮ್ಮ ಜಿಲ್ಲೆಯ ತೋಟದ ದಾರಿಗಳಲ್ಲಿ ನಡೆಯುತ್ತಿದ್ದ ಕಾಲದಿಂದಲೂ, ಒಂದು ಒಳ್ಳೆಯ ಎರಡು ಬಾಗಿಲಿನ ಕಾರನ್ನು ಇಟ್ಟುಕೊಂಡು ನಾನೇ ಓಡಿಸಬೇಕೆಂಬ ಆಸೆ ಮನಸ್ಸಿನಲ್ಲಿದೆ. ಈ ಸಲ ಕಾಫಿಗೆ ಒಳ್ಳೆಯ ಬೆಲೆ ಸಿಕ್ಕಿದ್ದರಿಂದ ಮನೆಯಲ್ಲೂ ಒಪ್ಪಿದ್ದಾರೆ. ಮಿತಿ ಮಾತ್ರ 30 ಲಕ್ಷ ರೂಪಾಯಿ. ಕಾರಿನ ಬೆಲೆಯ ಜೊತೆಗೆ ಹೆಸರು ವರ್ಗಾವಣೆ, ತೆರಿಗೆ, ವಿಮೆ, ಕೊಂಡ ಕೂಡಲೇ ಮಾಡಿಸಬೇಕಾಗಿ ಬರುವ ರಿಪೇರಿ, ಇವೆಲ್ಲವೂ ಅದರೊಳಗೇ ಮುಗಿಯಬೇಕು.

ಫೋರ್ಡ್ ಮಸ್ಟಾಂಗ್ ಅನ್ನು ನೋಡಿ ಬಿಟ್ಟೆ. 1.9 ಮೀಟರಿಗಿಂತಲೂ ಅಗಲವಾದ ಕಾರನ್ನು ನಮ್ಮ ತೋಟದ ದಾರಿಯಲ್ಲಿ ಎದುರಿನಿಂದ ಪಿಕಪ್ ಬಂದಾಗ ಎಲ್ಲಿ ಸರಿಸುವುದು ಎಂಬ ಪ್ರಶ್ನೆ ಒಂದಾದರೆ, 2021ರಲ್ಲಿ ಭಾರತದಲ್ಲಿ ಕಾರು ತಯಾರಿಕೆಯನ್ನೇ ನಿಲ್ಲಿಸುವುದಾಗಿ ಹೇಳಿದ ಕಂಪನಿಯ ಬಿಡಿಭಾಗಗಳಿಗೆ ಎಷ್ಟು ದಿನ ಕಾಯಬೇಕು ಎಂಬ ಚಿಂತೆ ಇನ್ನೊಂದು. ಈಗ ಉಳಿದಿರುವುದು ಎರಡು ಕಾರುಗಳು.

ಮೊದಲನೆಯದು 2016ರ ಆಡಿ ಟಿಟಿ. ಬೆಂಗಳೂರಿನಲ್ಲಿ ನೋಂದಣಿಯಾದದ್ದು, ಒಬ್ಬರೇ ಮಾಲೀಕರು, ಓಡಿರುವುದು ಸುಮಾರು 50,000 ಕಿಲೋಮೀಟರ್. 18 ಅಂಗುಲದ ಚಕ್ರ, ಸಾಮಾನ್ಯ ಶಾಕ್ ಅಬ್ಸಾರ್ಬರ್. ಕಾರಿನ ಜೊತೆಗೇ ಬರುವ ಡಿಜಿಟಲ್ ಮೀಟರನ್ನು ಬಿಟ್ಟರೆ ಹೇಳಿಕೊಳ್ಳುವಂಥ ಆಪ್ಷನ್ ಯಾವುದೂ ಇಲ್ಲ. ಎರಡನೆಯದು 2011ರ ಪೋರ್ಷೆ ಕೇಮನ್. 2.9 ಲೀಟರ್ ಎಂಜಿನ್, ಪಿಡಿಕೆ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಮಹಾರಾಷ್ಟ್ರದ ನೋಂದಣಿ, ಸುಮಾರು 40,000 ಕಿಲೋಮೀಟರ್. ಇದರಲ್ಲಿ ಪಿಎಎಸ್‌ಎಂ ಸಸ್ಪೆನ್ಷನ್, ಸ್ಪೋರ್ಟ್ ಕ್ರೋನೊ, 19 ಅಂಗುಲದ ಚಕ್ರ, ಬೋಸ್ ಸ್ಪೀಕರ್, ಪೂರ್ತಿ ಲೆದರ್ ಒಳಾಂಗಣ, ಸ್ಪೋರ್ಟ್ಸ್ ಎಕ್ಸಾಸ್ಟ್ ಎಲ್ಲವೂ ಇವೆ. ಎರಡಕ್ಕೂ ಹೆಚ್ಚುಕಡಿಮೆ ಒಂದೇ ಬೆಲೆ ಹೇಳುತ್ತಿದ್ದಾರೆ, ಸುಮಾರು 25 ಲಕ್ಷ. ಹೊಸದಾಗಿ ಕೊಳ್ಳುವಾಗ ಆಪ್ಷನ್‌ಗಳಿಗೇ ಲಕ್ಷಗಟ್ಟಲೆ ಕೊಟ್ಟಿದ್ದರಿಂದ ತನ್ನ ಬೆಲೆ ಕಡಿಮೆಯೇ ಎಂಬುದು ಕೇಮನ್ ಮಾರುವವರ ವಾದ. ಅದು ಎಷ್ಟರ ಮಟ್ಟಿಗೆ ಸರಿ? ಇವುಗಳಲ್ಲಿ ನಮ್ಮ ರಸ್ತೆಗೆ ನಿಜವಾಗಿ ಬೇಕಾದದ್ದು ಯಾವುದು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಹಾಸನ ವರ್ಕ್‌ಶಾಪ್:

ಸರ್, ಬೆಂಗಳೂರಿನಲ್ಲಿ ಆಮದು ಕಾರುಗಳ ಕೆಲಸ ಕಲಿತು ಈಗ ಹಾಸನದಲ್ಲಿ ಸ್ವಂತ ವರ್ಕ್‌ಶಾಪ್ ನಡೆಸುತ್ತಿದ್ದೇನೆ. ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಕಾರಿನ ಆಯ್ಕೆಯೂ ಅದರಲ್ಲೇ ಅಡಗಿದೆ.

ಹೊಸ ಕಾರು ಕೊಳ್ಳುವವರಿಗೆ ಆಪ್ಷನ್ ಎಂದರೆ ಸೌಲಭ್ಯ. ಹತ್ತು ಹದಿನೈದು ವರ್ಷದ ಕಾರು ಕೊಳ್ಳುವವರಿಗೆ ಅದೇ ಆಪ್ಷನ್ ಮುಂದೆ ಕೆಡಬಹುದಾದ ಇನ್ನೊಂದು ಭಾಗ. ಕಾರಿನ ಬೆಲೆ ಇಳಿದಂತೆ ಅದರ ಆಪ್ಷನ್‌ಗಳ ಬೆಲೆಯೂ ಇಳಿದುಹೋಗುತ್ತದೆ, ಆದರೆ ಅವುಗಳ ಬಿಡಿಭಾಗದ ಬೆಲೆ ಇಳಿಯುವುದಿಲ್ಲ. 25 ಲಕ್ಷಕ್ಕೆ ಸಿಕ್ಕ ಕೇಮನ್‌ಗೂ ಹೊಸ ಕೇಮನ್‌ನ ದರದಲ್ಲೇ ಬಿಡಿಭಾಗ ತರಿಸಬೇಕಾಗುತ್ತದೆ. ಆದ್ದರಿಂದ ಪ್ರತಿಯೊಂದು ಆಪ್ಷನ್ ಎದುರಾದಾಗಲೂ ನೀವು ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಇದು ಇಲ್ಲದಿದ್ದರೆ ಆಮೇಲೆ ಹಾಕಿಸಲು ಸಾಧ್ಯವೇ? ಇದು ಕೆಟ್ಟರೆ ಸರಿಪಡಿಸಲು ನನ್ನಲ್ಲಿ ಹಣ ಉಳಿದಿರುತ್ತದೆಯೇ?

ಬೋಸ್ ಸ್ಪೀಕರ್ ಬಗ್ಗೆ ಯೋಚಿಸುವ ಅಗತ್ಯವೇ ಇಲ್ಲ. ಸ್ಪೋರ್ಟ್ ಕ್ರೋನೊ ಇದ್ದರೆ ಆಕ್ಸಿಲರೇಟರ್ ಚುರುಕಾಗುತ್ತದೆ, ಪಿಡಿಕೆ ಇನ್ನೂ ಬೇಗ ಗೇರ್ ಬದಲಿಸುತ್ತದೆ, ನಿಂತಲ್ಲಿಂದ ಒಮ್ಮೆಲೇ ಚಿಮ್ಮುವ ಲಾಂಚ್ ಕಂಟ್ರೋಲ್ ಬರುತ್ತದೆ, ಡ್ಯಾಶ್‌ಬೋರ್ಡಿನ ಮೇಲೊಂದು ಗಡಿಯಾರ ಕೂರುತ್ತದೆ. ಬಹುಪಾಲು ಸಾಫ್ಟ್‌ವೇರ್ ಆದ್ದರಿಂದ ಕೆಡುವುದು ಅಪರೂಪ. ಇದ್ದರೆ ಸಂತೋಷ, ಆದರೆ ಅದಕ್ಕಾಗಿ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ.

ನಿಜವಾಗಿ ತೂಗಿ ನೋಡಬೇಕಾದದ್ದು ಚಕ್ರ ಮತ್ತು ಸಸ್ಪೆನ್ಷನ್. ಈ ಕೇಮನ್‌ಗೆ ಕಂಪನಿ ಮೂಲದಲ್ಲಿ ಕೊಡುತ್ತಿದ್ದದ್ದು 17 ಅಂಗುಲದ ಚಕ್ರ. ಮುಂದಿನ ಟೈರಿನ ಅಳತೆ 205/55. 205 ಮಿಲಿಮೀಟರ್ ಅಗಲದ ಶೇ 55 ಎಂದರೆ ಟೈರಿನ ಪಕ್ಕದ ಗೋಡೆ ಸುಮಾರು 113 ಮಿಲಿಮೀಟರ್ ಎತ್ತರವಿರುತ್ತದೆ. 19 ಅಂಗುಲದ ಚಕ್ರಕ್ಕೆ ಬರುವುದು 235/35, ಅಂದರೆ ಗೋಡೆ 82 ಮಿಲಿಮೀಟರ್ ಮಾತ್ರ. ಗುಂಡಿಗೂ ರಿಮ್ಮಿಗೂ ನಡುವೆ ಇರುವ ರಬ್ಬರಿನಲ್ಲಿ 31 ಮಿಲಿಮೀಟರ್ ಕಡಿಮೆಯಾಯಿತು ಎಂದಾಯಿತು. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲೋ ಮೂಡಿಗೆರೆ ಕಡೆಯಲ್ಲೋ ನೀರು ತುಂಬಿ ಕಾಣದ ಗುಂಡಿಗೆ ಚಕ್ರ ಇಳಿದಾಗ ಅಲಾಯ್ ಬಿರುಕು ಬಿಡುವುದೋ ಬಿಡದಿರುವುದೋ ಎಂಬುದನ್ನು ನಿರ್ಧರಿಸುವುದು ಆ ರಬ್ಬರೇ. ಅದಲ್ಲದೆ ಕೇಮನ್‌ನಲ್ಲಿ ಸ್ಟೆಪ್ನಿ ಇರುವುದಿಲ್ಲ. ಪಂಕ್ಚರ್ ಮುಚ್ಚುವ ದ್ರಾವಣ ಮತ್ತು ಗಾಳಿ ಪಂಪ್ ಮಾತ್ರ ಕೊಟ್ಟಿರುತ್ತಾರೆ. ಸಣ್ಣ ಮೊಳೆ ಚುಚ್ಚಿದರೆ ಅದು ಸಾಕು, ಟೈರಿನ ಪಕ್ಕವೇ ಹರಿದರೆ ಟೋಯಿಂಗ್ ಗಾಡಿ ಬರುವವರೆಗೆ ಕಾಯಬೇಕು. ಆಡಿಯ 18 ಅಂಗುಲದ ಟೈರ್ 245/40, ಗೋಡೆ 98 ಮಿಲಿಮೀಟರ್. ಅದಕ್ಕೂ 17 ಅಂಗುಲ ಹಾಕಬಹುದು, ಆದರೆ ಆ ತುರ್ತಿಲ್ಲ.

ಪಿಎಎಸ್‌ಎಂ ವಿಚಾರಕ್ಕೆ ಬಂದರೆ, ಅದು ರಸ್ತೆಯ ಸ್ಥಿತಿ ನೋಡಿ ಶಾಕ್ ಅಬ್ಸಾರ್ಬರಿನ ಬಿಗಿಯನ್ನು ತಾನೇ ಹೊಂದಿಸಿಕೊಳ್ಳುವ ವ್ಯವಸ್ಥೆ, ಕೆಲಸ ಚೆನ್ನಾಗಿಯೇ ಮಾಡುತ್ತದೆ. ಆದರೆ ಆ ಆಪ್ಷನ್ ಹಾಕಿಸಿದ ಕೇಮನ್ ಸಾಮಾನ್ಯ ಕೇಮನ್‌ಗಿಂತ 10 ಮಿಲಿಮೀಟರ್ ಕೆಳಗೆ ಕೂತಿರುತ್ತದೆ. ನಮ್ಮೂರಿನ ಹಂಪ್‌ಗಳ ಮೇಲೆ ಆ 10 ಮಿಲಿಮೀಟರ್ ಎಷ್ಟು ದೊಡ್ಡದೆಂದು ಪ್ರತಿ ಹಂಪ್‌ನಲ್ಲೂ ಕಿವಿಗೆ ಕೇಳಿಸುತ್ತದೆ. ನಾಲ್ಕು ಶಾಕ್ ಅಬ್ಸಾರ್ಬರ್‌ಗಳಲ್ಲಿ ಒಂದು ಎಣ್ಣೆ ಸೋರಲು ಶುರುಮಾಡಿದರೂ ಸಾಮಾನ್ಯದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಖರ್ಚು. 2011ರ ಕಾರಿನಲ್ಲಿ ಅವು ಮೂಲದ್ದೇ ಆಗಿದ್ದರೆ, ಬದಲಿಸುವ ಖರ್ಚನ್ನು ಈಗಲೇ ಬೆಲೆಯಿಂದ ಕಳೆಯಿರಿ.

ಆಡಿಯ ಬಗ್ಗೆಯೂ ಎರಡು ಮಾತು. ಅದರ ಆರು ಗೇರಿನ ಎಸ್ ಟ್ರಾನಿಕ್ ಗೇರ್‌ಬಾಕ್ಸಿನ ಕ್ಲಚ್‌ಗಳು ಎಣ್ಣೆಯಲ್ಲಿ ಮುಳುಗಿ ಕೆಲಸ ಮಾಡುವಂಥವು. 60,000 ಕಿಲೋಮೀಟರಿಗೊಮ್ಮೆ ಎಣ್ಣೆ ಮತ್ತು ಫಿಲ್ಟರ್ ಬದಲಿಸಲೇಬೇಕು. ನೀವು ನೋಡಿರುವ ಕಾರಿಗೆ ಆ ಸಮಯ ಹತ್ತಿರದಲ್ಲಿದೆ. ಹಿಂದಿನ ಚಕ್ರಗಳಿಗೆ ಶಕ್ತಿ ಕಳುಹಿಸುವ ಹಾಲ್ಡೆಕ್ಸ್ ಘಟಕದ ಎಣ್ಣೆಯನ್ನು ಬದಲಿಸಿದ ದಾಖಲೆ ಇದೆಯೇ ಎಂದು ಕೇಳಿ, ಏಕೆಂದರೆ ಅದರ ಪಂಪಿನ ಜಾಲರಿ ಕೊಳೆಯಿಂದ ಕಟ್ಟಿಕೊಂಡರೆ ಕಾರು ಸದ್ದಿಲ್ಲದೆ ಮುಂದಿನ ಚಕ್ರಗಳ ಕಾರಾಗಿಬಿಡುತ್ತದೆ ಮತ್ತು ಒಣ ರಸ್ತೆಯಲ್ಲಿ ಅದು ಗೊತ್ತೇ ಆಗುವುದಿಲ್ಲ. ಈ ಎಂಜಿನ್ನಿನಲ್ಲಿ ಥರ್ಮೋಸ್ಟಾಟ್ ಮತ್ತು ವಾಟರ್ ಪಂಪ್ ಕೂರುವ ಪ್ಲಾಸ್ಟಿಕ್ ಭಾಗ ಸೋರುವುದು ಗೊತ್ತಿರುವ ದೋಷ. ಕೂಲಂಟ್ ಮಟ್ಟ ನೋಡಿ, ಎಂಜಿನ್ನಿನ ಕೆಳಗೆ ಕಲೆ ಇದೆಯೇ ಪರೀಕ್ಷಿಸಿ. ಇವೆಲ್ಲವೂ ನಮ್ಮ ಜಿಲ್ಲೆಗಳಲ್ಲೇ ಮಾಡಿಸಬಹುದಾದ ಕೆಲಸಗಳು. ನನ್ನ ಅಭಿಪ್ರಾಯದಲ್ಲಿ ಈ ಬಜೆಟ್ಟಿಗೆ ಟಿಟಿಯೇ ಸರಿ.

ಸಕಲೇಶಪುರ ಘಾಟಿ:

ಹಾಸನದ ಅಣ್ಣನವರು ಚಕ್ರ ಮತ್ತು ಸಸ್ಪೆನ್ಷನ್ ಬಗ್ಗೆ ಹೇಳಿದ್ದೆಲ್ಲವನ್ನೂ ಒಪ್ಪುತ್ತೇನೆ, ಕೊನೆಯ ವಾಕ್ಯವೊಂದನ್ನು ಬಿಟ್ಟು. ನಮ್ಮ ಮನೆಯಲ್ಲಿ ಇದೇ ಪೀಳಿಗೆಯ ಕೇಮನ್ ಇದೆ, ಹೆಚ್ಚಾಗಿ ಓಡಿಸುವವಳು ನಾನೇ. ಆಡಿ ಟಿಟಿ ವೇಗದ ಕಾರು ಮತ್ತು ಮಳೆಯಲ್ಲಿ ನೆಲ ಕಚ್ಚಿ ಹೋಗುವ ಕಾರು, ಸಂದೇಹವಿಲ್ಲ. ಆದರೆ ಕೇಮನ್‌ನಂತೆ ಎಂಜಿನ್ ನಡುವೆ ಇರುವ ಕಾರು ತಿರುವಿನಲ್ಲಿ ತಿರುಗುವ ರೀತಿಯೇ ಬೇರೆ. ದೋಣಿಗಲ್ ದಾಟಿ ಘಾಟಿ ಇಳಿಯುವಾಗ ಸ್ಟೀರಿಂಗ್ ಮೂಲಕ ರಸ್ತೆ ಕೈಗೆ ಮಾತನಾಡುತ್ತದೆ. ಆ ಅನುಭವವನ್ನು ಯಾವ ಆಪ್ಷನ್ ಸೇರಿಸಿದರೂ ಟಿಟಿಯಲ್ಲಿ ಪಡೆಯಲಾಗದು. ಬಹಳ ವರ್ಷದ ಆಸೆ ಎಂದು ನೀವೇ ಬರೆದಿದ್ದೀರಿ, ಆದ್ದರಿಂದ ಎರಡನ್ನೂ ಒಂದೇ ದಿನ ಓಡಿಸಿ ನೋಡದೆ ತೀರ್ಮಾನಿಸಬೇಡಿ.

ನೀವು ನೋಡಿರುವ ಕೇಮನ್ ಪರವಾಗಿ ಇನ್ನೊಂದು ವಿಷಯವಿದೆ. 2009ಕ್ಕೆ ಮೊದಲಿನ ಕೇಮನ್‌ಗಳಲ್ಲಿ ಜನರನ್ನು ಕಾಡುತ್ತಿದ್ದದ್ದು ಎಂಜಿನ್ ಒಳಗಿನ ಐಎಂಎಸ್ ಬೇರಿಂಗ್, ಅದು ಮುರಿದರೆ ಎಂಜಿನ್ನೇ ಹೋಗುತ್ತಿತ್ತು. 2009ರ ಬದಲಾವಣೆಯ ನಂತರ ಬಂದ 2.9 ಮತ್ತು 3.4 ಲೀಟರ್ ಎಂಜಿನ್‌ಗಳಲ್ಲಿ ಆ ಬೇರಿಂಗೇ ಇಲ್ಲ. ಅಲ್ಲದೆ 3.4 ಲೀಟರಿನ ಕೇಮನ್ ಎಸ್‌ನಲ್ಲಿ ಪೆಟ್ರೋಲ್ ನೇರವಾಗಿ ಸಿಲಿಂಡರಿಗೆ ಚಿಮ್ಮಿದರೆ 2.9ರಲ್ಲಿ ಹಳೆಯ ಪದ್ಧತಿಯಂತೆ ಇಂಟೇಕ್ ಕೊಳವೆಗೆ ಚಿಮ್ಮುತ್ತದೆ. ಅದರಿಂದ ವಾಲ್ವುಗಳು ಸ್ವಚ್ಛವಾಗಿರುತ್ತವೆ. ಕಡಿಮೆ ಬೆಲೆಯ ಎಂಜಿನ್ ಎಂದು ಇದನ್ನು ಕೀಳಾಗಿ ನೋಡುವವರಿದ್ದಾರೆ. ನಮ್ಮಂಥ ಊರಿನಲ್ಲಿ ಇಟ್ಟುಕೊಳ್ಳಲು ನಾನು ಇದನ್ನೇ ಆರಿಸುತ್ತೇನೆ.

ಕೊಳ್ಳುವ ಮೊದಲು ನೋಡಬೇಕಾದದ್ದನ್ನು ಹೇಳುತ್ತೇನೆ. ಮುಂದಿನ ಡಿಕ್ಕಿಯ ಮುಚ್ಚಳದ ಒಳಬದಿಯಲ್ಲಿಯೂ ಸರ್ವಿಸ್ ಪುಸ್ತಕದಲ್ಲಿಯೂ ಆಪ್ಷನ್ ಸಂಕೇತಗಳ ಸ್ಟಿಕ್ಕರ್ ಇರುತ್ತದೆ. 475 ಎಂದಿದ್ದರೆ ಪಿಎಎಸ್‌ಎಂ, 640 ಎಂದಿದ್ದರೆ ಸ್ಪೋರ್ಟ್ ಕ್ರೋನೊ, 680 ಎಂದಿದ್ದರೆ ಬೋಸ್. ಮಾರುವವರು ಬಾಯಲ್ಲಿ ಹೇಳಿದ್ದನ್ನು ಆ ಸ್ಟಿಕ್ಕರಿನೊಡನೆ ಹೋಲಿಸಿ. ಸ್ಪೋರ್ಟ್ಸ್ ಎಕ್ಸಾಸ್ಟ್ ಕಂಪನಿಯದ್ದೇ ಅಥವಾ ಹೊರಗೆ ಹಾಕಿಸಿದ್ದೇ ಎಂಬುದು ಮುಖ್ಯ, ಏಕೆಂದರೆ ಹೊರಗಿನದ್ದಾದರೆ ವಾಹನದ ಮಾರ್ಪಾಡಿಗೆ ಮಿತಿ ಹಾಕುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಆಲೂರು, ಸಕಲೇಶಪುರದ ಕಡೆ ಆನೆಗಳು ರಸ್ತೆಗೆ ಬರುವ ಊರುಗಳಲ್ಲಿ ಕಾರು ಹೆಚ್ಚು ಸದ್ದು ಮಾಡದೆ ಹೋಗುವುದೇ ಕ್ಷೇಮ ಎಂಬುದನ್ನೂ ಹೇಳಲೇಬೇಕು.

ಮುಂದಿನ ಬಂಪರಿನ ಎರಡು ಬದಿಗಳಲ್ಲಿ ಗಾಳಿ ಹೋಗುವ ತೆರಪುಗಳಿವೆ, ಅವುಗಳ ಹಿಂದೆಯೇ ರೇಡಿಯೇಟರ್. ಎಲೆ ಅಲ್ಲಿ ಸೇರಿಕೊಂಡು ನೆನೆದು ಕೊಳೆತು ರೇಡಿಯೇಟರನ್ನು ತಿನ್ನುತ್ತದೆ. ಸಿಲ್ವರ್ ಓಕ್ ಮರಗಳ ಕೆಳಗೇ ದಿನವೂ ಓಡಾಡುವ ನಮಗೆ ಇದು ಸಣ್ಣ ವಿಷಯವಲ್ಲ. ಟಾರ್ಚ್ ಹಾಕಿ ನೋಡಿ, ಕೊಂಡ ಮೇಲೆ ಬಂಪರ್ ಬಿಚ್ಚಿಸಿ ಸ್ವಚ್ಛ ಮಾಡಿಸಿ, ಪ್ರತಿ ಮಳೆಗಾಲ ಮುಗಿದ ಮೇಲೂ ಅದೇ ಕೆಲಸ ಮಾಡಿಸಿ.

ಓಡಿದ ಕಿಲೋಮೀಟರಿನ ಸತ್ಯ ತಿಳಿಯಲು ಮೀಟರನ್ನಷ್ಟೇ ನಂಬಬೇಡಿ. ಪೋರ್ಷೆಯ ಸ್ಕ್ಯಾನರ್ ಹಾಕಿದರೆ ಎಂಜಿನ್ ಕಂಪ್ಯೂಟರ್ ತಾನು ಎಷ್ಟು ಗಂಟೆ ಓಡಿದ್ದೇನೆಂದು ಹೇಳುತ್ತದೆ. 40,000 ಕಿಲೋಮೀಟರನ್ನು ಆ ಗಂಟೆಗಳಿಂದ ಭಾಗಿಸಿದರೆ ಸರಾಸರಿ ವೇಗ ಸಿಗುತ್ತದೆ. 1,600 ಗಂಟೆ ಎಂದರೆ ಸರಾಸರಿ 25 ಕಿಲೋಮೀಟರ್; ನಗರದ ಕಾರಿಗೆ ಅದು ಸಹಜ. ಗಂಟೆ 4,000 ಎಂದು ತೋರಿಸಿದರೆ ಸರಾಸರಿ 10 ಕಿಲೋಮೀಟರಿಗೆ ಇಳಿಯುತ್ತದೆ. ಆಗ ಮೀಟರನ್ನು ಹಿಂದಕ್ಕೆ ತಿರುಗಿಸಿದ್ದಾರೆಯೇ ಎಂದು ಕೇಳಲೇಬೇಕು. ಅದೇ ವರದಿಯಲ್ಲಿ ಎಂಜಿನ್ನನ್ನು ಮಿತಿ ಮೀರಿ ತಿರುಗಿಸಿದ ದಾಖಲೆಯೂ ಇರುತ್ತದೆ, ಅದರ ಪ್ರತಿಯನ್ನು ಕೇಳಿ ಪಡೆಯಿರಿ.

ಲೆದರ್ ಒಳಾಂಗಣ ಮಲೆನಾಡಿನಲ್ಲಿ ಪರವಾಗಿಲ್ಲ, ಒರೆಸಿದರೆ ಹೋಗುತ್ತದೆ. ಮೆದು ಚರ್ಮದಂತೆ ಕಾಣುವ ಅಲ್ಕಾಂಟರಾ ಬಟ್ಟೆ ಮಾತ್ರ ಬೇಡ. ಜುಲೈ ತಿಂಗಳಿಡೀ ಕಾರು ಶೆಡ್ಡಿನಲ್ಲಿ ನಿಂತರೆ ಅದಕ್ಕೆ ಬೂಷ್ಟು ಹಿಡಿಯುತ್ತದೆ, ಸಂಪೂರ್ಣ ತೆಗೆಯಲಾಗುವುದಿಲ್ಲ. ನಾನು ಹಣ ಕೊಟ್ಟಾದರೂ ಪಡೆಯುವ ಆಪ್ಷನ್ ಎಂದರೆ ಬೈ-ಜೆನಾನ್ ದೀಪ, ಏಕೆಂದರೆ ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವ ಮಂಜಿನ ರಸ್ತೆಯಲ್ಲಿ ಬೆಳಕು ರಸ್ತೆಯ ಅಂಚಿನವರೆಗೂ ಹರಡಬೇಕು, ಮತ್ತು ಅದನ್ನು ಆಮೇಲೆ ಹಾಕಿಸುವುದು ಸುಲಭವಲ್ಲ. ನಿಮ್ಮ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ, ವಿಚಾರಿಸಿ ನೋಡಿ.

ಕೆಎ-18 ಕಾಗದಪತ್ರ:

ಕಾರಿನ ಗುಣದ ಬಗ್ಗೆ ಇಬ್ಬರೂ ಚೆನ್ನಾಗಿ ಬರೆದಿದ್ದಾರೆ. ಆರ್‌ಟಿಒ ಲೆಕ್ಕವನ್ನು ಯಾರೂ ಎತ್ತಿಲ್ಲ, ನಿಮ್ಮ 30 ಲಕ್ಷದ ಮಿತಿ ಒಡೆಯುವುದು ಅಲ್ಲೇ.

ಟಿಟಿ ಕರ್ನಾಟಕದ ಕಾರಾದ್ದರಿಂದ ಅದರ ಜೀವಾವಧಿ ತೆರಿಗೆ ಆಗಲೇ ಕಟ್ಟಿಯಾಗಿದೆ. ಫಾರಂ 29 ಮತ್ತು 30 ಸಲ್ಲಿಸಿ, ಸಾಲ ಇದ್ದಿದ್ದರೆ ಫಾರಂ 35 ಮತ್ತು ಬ್ಯಾಂಕಿನ ಪತ್ರ ಕೊಟ್ಟು ಹೆಸರು ಬದಲಿಸಿಕೊಂಡರೆ ಮುಗಿಯಿತು. ಕೇಮನ್ ಹಾಗಲ್ಲ. ಮೊದಲು ಮಹಾರಾಷ್ಟ್ರದ ಆರ್‌ಟಿಒದಿಂದ ಫಾರಂ 28ರ ಮೂಲಕ ಎನ್‌ಒಸಿ ಪಡೆಯಬೇಕು. ಬೇರೆ ರಾಜ್ಯದ ವಾಹನ ಇಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇದ್ದರೆ ಇಲ್ಲಿನ ನೋಂದಣಿ ಕಡ್ಡಾಯ, ಜೊತೆಗೆ ಕರ್ನಾಟಕದ ಜೀವಾವಧಿ ತೆರಿಗೆ. ಹೊಸ ಪೆಟ್ರೋಲ್ ಕಾರಿನ ಬೆಲೆ 20 ಲಕ್ಷ ದಾಟಿದರೆ ತೆರಿಗೆ ದರ ಶೇ 18, ಅದರ ಮೇಲೆ ಸೆಸ್. ಹಳೆಯ ಕಾರಿಗೆ ವಯಸ್ಸಿನ ಪ್ರಕಾರ ರಿಯಾಯಿತಿ ಸಿಗುತ್ತದೆ, ಆದರೆ ಲೆಕ್ಕ ಶುರುವಾಗುವುದು ನೀವು ಕೊಡುವ 25 ಲಕ್ಷದಿಂದಲ್ಲ, ಕಾರು ಹೊಸದಾಗಿದ್ದಾಗಿನ ಬೆಲೆಯಿಂದ. ಆ ಬೆಲೆ ಹಾಕಿ ಚಿಕ್ಕಮಗಳೂರು ಆರ್‌ಟಿಒ ಕಚೇರಿಯಲ್ಲಿ ಲೆಕ್ಕ ಬರೆಸಿಕೊಳ್ಳದೆ ಮುಂಗಡ ಕೊಡಬೇಡಿ.

ಇನ್ನೊಂದು ತಾರೀಖು ಗಮನಿಸಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮಾತ್ರ. 2011ರ ಕಾರಿಗೆ ಅದು 2026ಕ್ಕೆ ಮುಗಿಯುತ್ತದೆ. ಆಮೇಲೆ ತಪಾಸಣೆಗೆ ಹಾಜರುಪಡಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ನವೀಕರಣವೇನೂ ಅಸಾಧ್ಯವಲ್ಲ, ಆದರೆ ಕಂಪನಿಯದ್ದಲ್ಲದ ಎಕ್ಸಾಸ್ಟ್ ಅಥವಾ ಆರ್‌ಸಿಯಲ್ಲಿರುವುದಕ್ಕಿಂತ ಬೇರೆ ಬಣ್ಣ ಇದ್ದರೆ ತಕರಾರು ಏಳುವುದು ಆ ದಿನವೇ.

ವಿಮೆಯ ವಿಷಯ ಚುಟುಕಾಗಿ ಹೇಳುತ್ತೇನೆ. ಐದು ವರ್ಷ ದಾಟಿದ ಕಾರಿನ ಐಡಿವಿಯನ್ನು, ಅಂದರೆ ವಿಮೆಗೆ ಲೆಕ್ಕ ಹಿಡಿಯುವ ಕಾರಿನ ಬೆಲೆಯನ್ನು, ನೀವೂ ವಿಮಾ ಕಂಪನಿಯೂ ಒಪ್ಪಿಕೊಂಡು ನಿಗದಿ ಮಾಡಬೇಕು, ಅದನ್ನು ಅತಿಯಾಗಿ ಇಳಿಸಿ ಪ್ರೀಮಿಯಂ ಉಳಿಸಲು ಹೋಗಬೇಡಿ. ಬಂಪರ್, ದೀಪಗಳಂಥ ಬಿಡಿಭಾಗಕ್ಕೆ ಸವಕಳಿ ಕಳೆಯದ ಪಾಲಿಸಿ ಇಷ್ಟು ಹಳೆಯ ಕಾರಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ ಕಾರಿನ ಜೊತೆ ಬರುವುದಿಲ್ಲ. ಪಾಲಿಸಿಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.

ಆಲ್ದೂರು ತೋಟ:

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಸಕಲೇಶಪುರದ ಮೇಡಂ ಹೇಳಿದಂತೆ ಎರಡೂ ಕಾರುಗಳನ್ನು ಓಡಿಸಿ ನೋಡುವ ವ್ಯವಸ್ಥೆ ಮಾಡಿಕೊಂಡಿದ್ದೇನೆ. ಕೇಮನ್ ಮಾರುವವರಿಗೆ ಆಪ್ಷನ್ ಸ್ಟಿಕ್ಕರಿನ ಚಿತ್ರ ಮತ್ತು ಮೊದಲ ಇನ್‌ವಾಯ್ಸ್ ಕಳುಹಿಸಲು ಕೇಳಿದೆ. ಚಿತ್ರ ಬಂತು, ಅದರಲ್ಲಿ 475 ಮತ್ತು 640 ಇವೆ, 680 ಇಲ್ಲ. ಇನ್‌ವಾಯ್ಸ್ ಹುಡುಕಿಸುತ್ತಿದ್ದಾರೆ. ತೆರಿಗೆಯ ಲೆಕ್ಕ ಬರುವವರೆಗೆ ಮುಂಗಡ ಕೊಡುವುದಿಲ್ಲ.

ಹಾಸನದ ಸರ್ ಅವರಿಗೆ ಒಂದು ಪ್ರಶ್ನೆ. ಕೊನೆಗೆ ಮನಸ್ಸು ಕೇಮನ್ ಕಡೆಗೇ ವಾಲಿದರೆ, 19 ಅಂಗುಲದ ಚಕ್ರ ತೆಗೆದು 17 ಅಂಗುಲ ಹಾಕಿಸಬಹುದೇ? ಪಿಎಎಸ್‌ಎಂ ತೆಗೆದು ಸಾಮಾನ್ಯ ಶಾಕ್ ಅಬ್ಸಾರ್ಬರ್ ಹಾಕಿಸುವುದು ಸರಿಯೇ?

ಹಾಸನ ವರ್ಕ್‌ಶಾಪ್:

ಮನಸ್ಸು ಹಾಗೆ ವಾಲಿದರೆ ನಾನು ತಡೆಯುವುದಿಲ್ಲ ಸರ್, ಮೇಡಂ ಹೇಳಿದ ತಿರುವಿನ ಮಾತು ನಿಜವೇ. 2.9 ಲೀಟರ್ ಕೇಮನ್‌ಗೆ 17 ಅಂಗುಲ ಕಂಪನಿಯೇ ಕೊಟ್ಟ ಅಳತೆ, ಬ್ರೇಕಿಗೆ ತಾಗುವುದಿಲ್ಲ, ನಿಶ್ಚಿಂತೆಯಿಂದ ಹಾಕಿಸಬಹುದು. ಮುಂದೆ 205/55, ಹಿಂದೆ 235/50. ಮುಂದಿನ ಟೈರನ್ನು ಹಿಂದಕ್ಕೆ ಹಾಕಲು ಆಗದಾದ್ದರಿಂದ ಹಿಂದಿನವು ಬೇಗ ಸವೆದರೆ ಆ ಜೋಡಿಯನ್ನೇ ಕೊಳ್ಳಬೇಕು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ತಾರೀಖು ನೋಡಿಕೊಳ್ಳಿ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಕಡಿಮೆ ಓಡಿದ ಕಾರುಗಳಲ್ಲಿ ಗೆರೆ ಆಳವಾಗಿದ್ದೂ ರಬ್ಬರ್ ಗಟ್ಟಿಯಾಗಿ ಮಳೆಯಲ್ಲಿ ಹಿಡಿತ ಇಲ್ಲದಂತಾಗಿರುತ್ತದೆ. ತೆಗೆದ 19 ಅಂಗುಲದ ಚಕ್ರಗಳನ್ನು ಈಗಲೇ ಮಾರಬೇಡಿ, ಮುಂದೆ ಕಾರು ಮಾರುವ ದಿನ ಕೇಳುವವರು ಇರುತ್ತಾರೆ.

ಪಿಎಎಸ್‌ಎಂ ಕೆಲಸ ಮಾಡುತ್ತಿದ್ದರೆ ಮುಟ್ಟಬೇಡಿ. ಅದನ್ನು ತೆಗೆದರೆ ಮೀಟರಿನಲ್ಲಿ ಎಚ್ಚರಿಕೆ ದೀಪ ಉರಿಯುತ್ತಲೇ ಇರುತ್ತದೆ. ಕಂಪ್ಯೂಟರಿನಲ್ಲಿ ಆ ವ್ಯವಸ್ಥೆಯನ್ನೇ ತೆಗೆಸಬೇಕಾಗುತ್ತದೆ. ಓಡಿಸಿ ನೋಡುವ ದಿನ ಗುಂಡಿಯಿರುವ ರಸ್ತೆಯಲ್ಲಿ ನಿಧಾನವಾಗಿ ಹೋಗಿ ಅದರ ನಾರ್ಮಲ್, ಸ್ಪೋರ್ಟ್ ಎರಡೂ ಮೋಡ್‌ಗಳಲ್ಲಿ ವ್ಯತ್ಯಾಸ ತಿಳಿಯುತ್ತದೆಯೇ ಗಮನಿಸಿ. ಆಮೇಲೆ ಲಿಫ್ಟಿನ ಮೇಲೆ ಏರಿಸಿ ನಾಲ್ಕೂ ಶಾಕ್ ಅಬ್ಸಾರ್ಬರಿನ ಮೈ ಒಣಗಿದೆಯೇ, ಮುಂಭಾಗದ ಕೆಳಗಿನ ತಗಡು ಹಂಪ್‌ಗೆ ಉಜ್ಜಿದೆಯೇ ನೋಡಿ. ಸ್ಟಿಕ್ಕರಿನಲ್ಲಿ 680 ಇಲ್ಲದೆಯೂ ಬೋಸ್ ಇದೆ ಎಂದು ಹೇಳಿದವರ ಕಾರನ್ನು ಇನ್ನಷ್ಟು ಜಾಗ್ರತೆಯಿಂದ ತಪಾಸಣೆ ಮಾಡಿಸಬೇಕು. ಬೆಂಗಳೂರಿನಲ್ಲಿ ಕಂಪನಿಯ ಸ್ಕ್ಯಾನರ್ ಇರುವ ಕಡೆ ತಪಾಸಣೆ ಮಾಡಿಸಿ, ಶುಲ್ಕವನ್ನು ನೀವೇ ಕಟ್ಟಿ, ವರದಿಯನ್ನು ನಿಮ್ಮ ಹೆಸರಿಗೆ ಪಡೆಯಿರಿ. ವರದಿಯನ್ನು ಇಲ್ಲಿ ಹಾಕಿದರೆ ನಾನೂ ಓದಿ ಹೇಳುತ್ತೇನೆ. ಅಲ್ಲಿಯವರೆಗೆ ಟಿಟಿಯ ಮಾಲೀಕರಿಗೆ ಇಲ್ಲ ಎಂದು ಹೇಳಬೇಡಿ.